ಸನ್ ಔಟೇಜ್ ಹೊತ್ತಲ್ಲಿ ಡಿಶ್ ಮುಟ್ಟಬೇಡಿ: ಹೆಡ್‌ಎಂಡ್, ವಿಸ್ಯಾಟ್, ಅರ್ಥ್ ಸ್ಟೇಷನ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ಮಾರ್ಚ್‌ನಲ್ಲೂ, ಪ್ರತಿ ಸೆಪ್ಟೆಂಬರ್ ಕೊನೆಯಲ್ಲೂ ನನಗೆ ಒಂದೇ ಥರದ ಫೋನ್ ಬರುತ್ತದೆ. "ಸಾರ್, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಾ ಚಾನೆಲ್ ಹೋಯ್ತು. ಡಿಶ್ ಸ್ವಲ್ಪ ತಿರುಗಿಸಿ ನೋಡಿದೆ. ಈಗ ಸಂಜೆ ಆದ್ರೂ ವಾಪಸ್ ಬರ್ತಿಲ್ಲ."

ಸೂರ್ಯ ಅಡ್ಡ ಬಂದಿದ್ದು ಏಳೆಂಟು ನಿಮಿಷ. ಉಳಿದ ಐದು ಗಂಟೆ ನಷ್ಟ ಮಾಡಿದ್ದು ಸ್ಪ್ಯಾನರ್. ಸನ್ ಔಟೇಜ್ ಅನ್ನು ತಡೆಯೋಕೆ ಆಗಲ್ಲ, ಆದರೆ ಅದು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ನಿಮಿಷದ ಲೆಕ್ಕದಲ್ಲಿ ಮೊದಲೇ ಹೇಳಬಹುದು. ಆದ್ದರಿಂದ ಕೆಲಸವೆಲ್ಲ ಅದಕ್ಕಿಂತ ಮುಂಚೆ ಮುಗಿಯಬೇಕು. ಆ ಹೊತ್ತಿನಲ್ಲಿ ಕೈ ಸುಮ್ಮನಿರಬೇಕು.

ಸನ್ ಔಟೇಜ್ ಅಂದರೆ ಇಷ್ಟೇ. ಭೂಸ್ಥಿರ ಉಪಗ್ರಹದ (ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುವ ಉಪಗ್ರಹ) ಬೆನ್ನ ಹಿಂದೆಯೇ ಸೂರ್ಯ ಬಂದು ನಿಲ್ಲುತ್ತಾನೆ. ನಿಮ್ಮ ಡಿಶ್ ಉಪಗ್ರಹವನ್ನು ನೋಡುತ್ತಿರುತ್ತದಲ್ವಾ, ಈಗ ಸೂರ್ಯನನ್ನೂ ನೇರವಾಗಿ ನೋಡುತ್ತದೆ. ಸೂರ್ಯನ ರೇಡಿಯೊ ನಾಯ್ಸ್ (ಗದ್ದಲ) ಮುಂದೆ ಉಪಗ್ರಹದ ಸಣ್ಣ ಸಿಗ್ನಲ್ ಮುಳುಗಿ ಹೋಗುತ್ತದೆ. ಉಪಗ್ರಹ ಕೆಟ್ಟಿಲ್ಲ. ಅದು ನೋಡುವುದು ಭೂಮಿಯ ಕಡೆಗೆ, ಹಾಗಾಗಿ ನೀವು ಕಳಿಸುವ ಅಪ್‌ಲಿಂಕ್‌ಗೂ ತೊಂದರೆ ಇಲ್ಲ. ಕೆಡುವುದು ನಿಮ್ಮ ಕಡೆಯ ರಿಸೀವಿಂಗ್ ಮಾತ್ರ.

## ಮೊದಲು ಇವನ್ನು ಹತ್ತಿರ ಇಟ್ಟುಕೊಳ್ಳಿ

ಜಿಪಿಎಸ್ ಇರುವ ಫೋನ್. ಸ್ಪೆಕ್ಟ್ರಮ್ ಅನಲೈಸರ್ (ಫ್ರೀಕ್ವೆನ್ಸಿವಾರು ಸಿಗ್ನಲ್ ಚಿತ್ರ ತೋರಿಸುವ ಯಂತ್ರ), ಇಲ್ಲದಿದ್ದರೆ ಲೆವೆಲ್ (ಒಟ್ಟು ಎಷ್ಟು ಬಲ ಬರುತ್ತಿದೆ) ಮತ್ತು ಕ್ವಾಲಿಟಿ (ಸಿಗ್ನಲ್ ಎಷ್ಟು ಸ್ವಚ್ಛವಾಗಿದೆ) ಎರಡನ್ನೂ ಬೇರೆ ಬೇರೆ ತೋರಿಸುವ ಸ್ಯಾಟಲೈಟ್ ಮೀಟರ್. ಸರಿಯಾದ ಸಮಯ ತೋರಿಸುವ ಗಡಿಯಾರ. ಫೋನಿನದ್ದೇ ಸಾಕು, ಗೋಡೆ ಗಡಿಯಾರ ಬೇಡ. ಒಂದು ನೋಟ್‌ಬುಕ್. ಇದನ್ನು ಪ್ರತ್ಯೇಕವಾಗಿ ಇಡಿ, ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರೆ ಸೆಪ್ಟೆಂಬರ್‌ಗೆ ಸಿಗಲ್ಲ.

## ಹಂತ 1: ಇದು ಸೂರ್ಯನ ಕೆಲಸವೇ ಅಂತ ಖಚಿತ ಮಾಡಿಕೊಳ್ಳಿ

ಮೀಟರ್‌ನಲ್ಲಿ ಲೆವೆಲ್ ಮತ್ತು ಕ್ವಾಲಿಟಿ ಎರಡನ್ನೂ ನೋಡಿ. ಸನ್ ಔಟೇಜ್‌ನಲ್ಲಿ ಲೆವೆಲ್ ಇಳಿಯುವುದಿಲ್ಲ, ಇದ್ದಲ್ಲೇ ಇರುತ್ತದೆ ಅಥವಾ ಸ್ವಲ್ಪ ಏರುತ್ತದೆ. ಕ್ವಾಲಿಟಿ ಮಾತ್ರ ನಿಧಾನವಾಗಿ ಜಾರಿ ಸೊನ್ನೆಗೆ ಬರುತ್ತದೆ. ಕೇಬಲ್ ಕಿತ್ತು ಹೋದರೆ ಅಥವಾ ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿದು ಬಲಪಡಿಸುವ ಡಬ್ಬಿ) ಸತ್ತರೆ ಎರಡೂ ಒಟ್ಟಿಗೆ, ಒಂದೇ ಸಲ ಬೀಳುತ್ತವೆ. ಸ್ಪೆಕ್ಟ್ರಮ್ ಅನಲೈಸರ್ ಇದ್ದರೆ ಇನ್ನೂ ಸುಲಭ. ಕ್ಯಾರಿಯರ್‌ಗಳ (ಚಾನೆಲ್ ಹೊತ್ತು ತರುವ ಸಿಗ್ನಲ್‌ಗಳ) ತಲೆ ಇದ್ದ ಎತ್ತರದಲ್ಲೇ ಇರುತ್ತದೆ, ಕೆಳಗಿನ ನಾಯ್ಸ್ ಫ್ಲೋರ್ (ಗದ್ದಲದ ಮಟ್ಟ) ಮಾತ್ರ ಕೆರೆಗೆ ನೀರು ತುಂಬಿದ ಹಾಗೆ ಮೇಲೇರುತ್ತಾ ಬಂದು ಕ್ಯಾರಿಯರ್‌ಗಳನ್ನು ನುಂಗುತ್ತದೆ.

ಇನ್ನೊಂದು ಗುರುತು ಇದೆ. ಒಂದೇ ಡಿಶ್‌ನ ಎಲ್ಲಾ ಟ್ರಾನ್ಸ್‌ಪಾಂಡರ್‌ಗಳೂ (ಉಪಗ್ರಹ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಕಳಿಸುವ ಚಾನೆಲ್ ಗುಂಪುಗಳು), ಎರಡೂ ಪೋಲರೈಸೇಷನ್‌ಗಳೂ (ತರಂಗ ಅಲುಗುವ ಎರಡು ದಿಕ್ಕುಗಳು) ಒಟ್ಟಿಗೆ ಕುಸಿಯುತ್ತವೆ. ಒಂದೇ ಫ್ರೀಕ್ವೆನ್ಸಿ ಹೋಗಿ ಉಳಿದವು ಚೆನ್ನಾಗಿದ್ದರೆ ಸೂರ್ಯನನ್ನು ದೂರಬೇಡಿ, ಕಾರಣ ಬೇರೆ ಇದೆ.

ರಾತ್ರಿಯ ಗ್ರಹಣವನ್ನು ಇದರ ಜೊತೆ ಬೆರೆಸುವವರೂ ಜಾಸ್ತಿ. ಇದೇ ಕಾಲದಲ್ಲಿ, ನಡುರಾತ್ರಿ ಆಸುಪಾಸು, ಉಪಗ್ರಹ ಭೂಮಿಯ ನೆರಳಿಗೆ ಹೋಗುತ್ತದೆ. ಆಗ ಹೆಚ್ಚೆಂದರೆ 72 ನಿಮಿಷ ಅದು ಬ್ಯಾಟರಿ ಮೇಲೆ ಓಡುತ್ತದೆ. ಅದು ಉಪಗ್ರಹ ನಡೆಸುವವರ ತಲೆಬಿಸಿ. ನಿಮ್ಮ ಡಿಶ್‌ಗೂ ಅದಕ್ಕೂ ಸಂಬಂಧ ಇಲ್ಲ, ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯಬೇಡಿ.

## ಹಂತ 2: ನಾಲ್ಕು ಅಂಕಿ ಬರೆದುಕೊಳ್ಳಿ

ಡಿಶ್ ಇರುವ ಜಾಗದ ಅಕ್ಷಾಂಶ, ರೇಖಾಂಶ, ಉಪಗ್ರಹದ ಸ್ಥಾನ, ಡಿಶ್‌ನ ಅಗಲ. ಜೊತೆಗೆ ಸಿ ಬ್ಯಾಂಡಾ, ಕೆಯು ಬ್ಯಾಂಡಾ (ಉಪಗ್ರಹಗಳು ಬಳಸುವ ಎರಡು ಫ್ರೀಕ್ವೆನ್ಸಿ ವಲಯಗಳು) ಅಂತ ಪಕ್ಕದಲ್ಲೇ ಬರೆಯಿರಿ. ಜಿಸ್ಯಾಟ್-30 ಇರುವುದು 83 ಡಿಗ್ರಿ ಪೂರ್ವದಲ್ಲಿ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿಯಲ್ಲಿ. ಹೆಡ್‌ಎಂಡ್‌ನಲ್ಲಿ (ಕೇಬಲ್‌ನವರು ಚಾನೆಲ್‌ಗಳನ್ನು ಡಿಶ್‌ನಿಂದ ಹಿಡಿದು ಊರಿಗೆ ಹಂಚುವ ಜಾಗ) ಆರು ಡಿಶ್ ಇದ್ದರೆ ಆರು ಸಾಲು ಆಗಬೇಕು, ಯಾಕೆಂದರೆ ಒಂದೊಂದು ಉಪಗ್ರಹಕ್ಕೂ ಸಮಯ ಬೇರೆ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಫೋನ್ 12 ಡಿಗ್ರಿ 58 ಮಿನಿಟ್ ಅಂತ ತೋರಿಸಿದರೆ ಅದನ್ನು 12.58 ಅಂತ ತುಂಬಿಬಿಡುತ್ತಾರೆ. ಅದು 12.97. ಮಿನಿಟ್ ಅನ್ನು 60ರಿಂದ ಭಾಗಿಸಬೇಕು.

## ಹಂತ 3: ದಿನ ಮತ್ತು ಸಮಯ ತೆಗೆಯಿರಿ

ಉಪಗ್ರಹ ಕಂಪನಿಗಳ ಸೈಟ್‌ಗಳಲ್ಲಿ ಸನ್ ಔಟೇಜ್ ಕ್ಯಾಲ್ಕುಲೇಟರ್‌ಗಳು ಸಿಗುತ್ತವೆ. ಅವನ್ನೇ ಬಳಸಿ. ಆದರೆ ಬಂದ ಉತ್ತರವನ್ನು ಕೈಲೆಕ್ಕದಲ್ಲಿ ಒಮ್ಮೆ ತಾಳೆ ನೋಡದೆ ನಂಬಬೇಡಿ. ಬಹಳಷ್ಟು ಕ್ಯಾಲ್ಕುಲೇಟರ್‌ಗಳು ಸಮಯವನ್ನು ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯ) ಕೊಡುತ್ತವೆ. 06:34 ಅಂತ ನೋಡಿ ಬೆಳಿಗ್ಗೆ ಆರೂವರೆಗೆ ಎದ್ದು ಕಾದು, ಏನೂ ಆಗಲಿಲ್ಲ ಅಂತ ಪಟ್ಟಿಯನ್ನೇ ಎಸೆದವರನ್ನು ನೋಡಿದ್ದೇನೆ. ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು, ಅಂದರೆ ಮಧ್ಯಾಹ್ನ 12:04.

ದಿನದ ಲೆಕ್ಕ. ನಿಮ್ಮ ಅಕ್ಷಾಂಶವನ್ನು 0.44ರಿಂದ ಗುಣಿಸಿ. ಬಂದಷ್ಟು ದಿನ ಮಾರ್ಚ್ 20ಕ್ಕಿಂತ ಹಿಂದೆ ಮತ್ತು ಸೆಪ್ಟೆಂಬರ್ 23ರಿಂದ ಮುಂದೆ ಎಣಿಸಿ. ಬೆಂಗಳೂರು 13 ಡಿಗ್ರಿ, ಸುಮಾರು ಆರು ದಿನ ಬರುತ್ತದೆ. ಅಂದರೆ ಮಾರ್ಚ್ 14-15, ಸೆಪ್ಟೆಂಬರ್ 28-29 ಜೋರಿನ ದಿನಗಳು (ಔಟೇಜ್ ಅತಿ ಹೆಚ್ಚು ಹೊತ್ತು ಇರುವ ದಿನಗಳು). ಬೀದರ್ ಸುಮಾರು 18 ಡಿಗ್ರಿ, ಅಲ್ಲಿ ಎಂಟು ದಿನ, ಅಂದರೆ ಮಾರ್ಚ್ 12ರ ಸುಮಾರಿಗೆ. ಕರ್ನಾಟಕದ ಒಳಗೇ ಎರಡು ದಿನ ಆಚೀಚೆ ಆಗುತ್ತದೆ ನೋಡಿ. ಬೆಂಗಳೂರಿನವರು ಕಳಿಸಿದ ಪಟ್ಟಿಯನ್ನು ಬೀದರಿನವರು ಹಾಗೇ ಅಂಟಿಸಿಕೊಂಡರೆ ತಪ್ಪುವುದು ಇದಕ್ಕೇ. (ಸಿಡ್ನಿ, ಮೆಲ್ಬರ್ನ್ ಕಡೆ ಇರುವ ನಮ್ಮವರಿಗೆ ಇದು ಉಲ್ಟಾ. ಮಾರ್ಚ್ 20 ಆದ ಮೇಲೆ, ಸೆಪ್ಟೆಂಬರ್ 23ಕ್ಕೆ ಮುಂಚೆ.)

ಸಮಯದ ಲೆಕ್ಕ. 82.5ರಿಂದ (ಭಾರತದ ಗಡಿಯಾರಗಳ ಸಮಯಕ್ಕೆ ಆಧಾರವಾದ ರೇಖಾಂಶ) ನಿಮ್ಮ ರೇಖಾಂಶ ಕಳೆದು, 4ರಿಂದ ಗುಣಿಸಿ, ಆ ನಿಮಿಷಗಳನ್ನು 12 ಗಂಟೆಗೆ ಸೇರಿಸಿ. ಬೆಂಗಳೂರು 77.6 ಡಿಗ್ರಿ, ಹಾಗಾಗಿ 12:20. ಮಾರ್ಚ್ ಆದರೆ ಇದಕ್ಕೆ 9 ನಿಮಿಷ ಸೇರಿಸಿ, ಸೆಪ್ಟೆಂಬರ್ ಕೊನೆ ಆದರೆ 9 ನಿಮಿಷ ಕಳೆಯಿರಿ. 12:29 ಮತ್ತು 12:11 ಬಂತು. ಇದು ಸೂರ್ಯ ನಿಮ್ಮ ಊರಿನ ನೇರ ದಕ್ಷಿಣಕ್ಕೆ ಬರುವ ಹೊತ್ತು. ಉಪಗ್ರಹ ನಿಮ್ಮ ಊರಿಗಿಂತ ಪೂರ್ವಕ್ಕಿದ್ದರೆ ಒಂದೊಂದು ಡಿಗ್ರಿಗೆ 4.7 ನಿಮಿಷದಂತೆ ಕಳೆಯಿರಿ, ಪಶ್ಚಿಮಕ್ಕಿದ್ದರೆ ಕೂಡಿಸಿ. 83 ಡಿಗ್ರಿಯ ಉಪಗ್ರಹ 5.4 ಡಿಗ್ರಿ ಪೂರ್ವಕ್ಕಿದೆ, ಅಂದರೆ 25 ನಿಮಿಷ ಮುಂಚೆ. ಮಾರ್ಚ್‌ನಲ್ಲಿ 12:04, ಸೆಪ್ಟೆಂಬರ್‌ನಲ್ಲಿ 11:46. 93.5 ಡಿಗ್ರಿಗೆ ಇದೇ ಲೆಕ್ಕ ಹಾಕಿದರೆ 11:14 ಮತ್ತು 10:56.

ಮಾರ್ಚ್‌ಗೂ ಸೆಪ್ಟೆಂಬರ್‌ಗೂ 18 ನಿಮಿಷ ವ್ಯತ್ಯಾಸ ಬಂತು. ಮಾರ್ಚ್ ಪಟ್ಟಿಯನ್ನು ಗೋಡೆಯಿಂದ ತೆಗೆಯದೆ ಸೆಪ್ಟೆಂಬರ್‌ಗೂ ಅದನ್ನೇ ಹಿಡಿದು ಕೂತರೆ, ನೀವು ಸಿದ್ಧರಾಗುವಷ್ಟರಲ್ಲಿ ಔಟೇಜ್ ಬಂದು ಹೋಗಿರುತ್ತದೆ. ನಾನು ಕಂಡಿರುವ ತಪ್ಪುಗಳಲ್ಲಿ ಇದೇ ಅತಿ ಹೆಚ್ಚು.

ಕ್ಯಾಲ್ಕುಲೇಟರ್ ಉತ್ತರಕ್ಕೂ ನಿಮ್ಮ ಕೈಲೆಕ್ಕಕ್ಕೂ ಎರಡು ಮೂರು ನಿಮಿಷ ಹೆಚ್ಚುಕಮ್ಮಿ ಆದರೆ ಸರಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಅಂಕಿ ತಪ್ಪಿದೆ, ಹಂತ 2ಕ್ಕೆ ಹಿಂತಿರುಗಿ.

## ಹಂತ 4: ಎಷ್ಟು ಹೊತ್ತು, ಎಷ್ಟು ಜೋರು

ಡಿಶ್ ಚಿಕ್ಕದಾದಷ್ಟೂ ಅದು ಆಕಾಶವನ್ನು ಅಗಲವಾಗಿ ನೋಡುತ್ತದೆ, ಹಾಗಾಗಿ ಸೂರ್ಯ ಅದರ ಕಣ್ಣಲ್ಲಿ ಜಾಸ್ತಿ ಹೊತ್ತು ಇರುತ್ತಾನೆ. 70 ಅನ್ನು ತರಂಗದ ಉದ್ದದಿಂದ ಗುಣಿಸಿ ಡಿಶ್‌ನ ಅಗಲದಿಂದ ಭಾಗಿಸಿದರೆ ಬೀಮ್ (ಡಿಶ್ ಆಕಾಶದಲ್ಲಿ ನೋಡುವ ಅಗಲ) ಎಷ್ಟು ಡಿಗ್ರಿ ಅಂತ ಸಿಗುತ್ತದೆ. ಎರಡೂ ಮೀಟರ್‌ನಲ್ಲಿರಲಿ. ಸಿ ಬ್ಯಾಂಡ್‌ನ ತರಂಗ ಸುಮಾರು 0.075 ಮೀಟರ್. 3.6 ಮೀಟರ್ ಡಿಶ್‌ಗೆ ಬೀಮ್ ಒಂದೂವರೆ ಡಿಗ್ರಿ. ಅದಕ್ಕೆ ಸೂರ್ಯನ ಅಗಲ ಅರ್ಧ ಡಿಗ್ರಿ ಸೇರಿಸಿ, ಒಟ್ಟು ಎರಡು. ಸೂರ್ಯ ಒಂದು ಡಿಗ್ರಿ ದಾಟಲು 4 ನಿಮಿಷ ಬೇಕು. ಅಂದರೆ ಜೋರಿನ ದಿನ ಎಂಟು ನಿಮಿಷ. ದಿನಕ್ಕೆ ಸೂರ್ಯ ಉತ್ತರ ದಕ್ಷಿಣವಾಗಿ 0.4 ಡಿಗ್ರಿ ಸರಿಯುವುದರಿಂದ ಒಟ್ಟು ಐದು ದಿನ. ಇದೇ ಲೆಕ್ಕದಲ್ಲಿ 2.4 ಮೀಟರ್‌ಗೆ ಹನ್ನೊಂದು ನಿಮಿಷ, ಏಳು ದಿನ. 7.2 ಮೀಟರ್‌ಗೆ ಐದು ನಿಮಿಷ, ಮೂರು ದಿನ.

ಮೊದಲ ದಿನ ಬರೀ ಒಂದೆರಡು ನಿಮಿಷ ಚೌಕ ಚೌಕ ಒಡೆಯುತ್ತದೆ. ಮಧ್ಯದ ದಿನ ಪೂರ್ತಿ ಹೋಗುತ್ತದೆ. ಆಮೇಲೆ ಮತ್ತೆ ಇಳಿಯುತ್ತದೆ. ಮೊದಲ ದಿನ ನೋಡಿ "ಈ ಸಲ ಏನೂ ಇಲ್ಲ ಬಿಡಿ" ಅನ್ನಬೇಡಿ.

ದೊಡ್ಡ ಡಿಶ್ ಇದ್ದರೆ ಸನ್ ಔಟೇಜ್ ಬರಲ್ಲ ಅನ್ನುವ ನಂಬಿಕೆ ತಪ್ಪು. ದೊಡ್ಡ ಡಿಶ್‌ನಲ್ಲಿ ಹೊತ್ತು ಕಮ್ಮಿ, ಆದರೆ ಬೀಮ್ ತುಂಬಾ ಸೂರ್ಯನೇ ತುಂಬಿಕೊಳ್ಳುವುದರಿಂದ ಪೆಟ್ಟು ಜೋರು. ಮನೆಯ 60 ಸೆಂಟಿಮೀಟರ್ ಕೆಯು ಡಿಶ್‌ನಲ್ಲಿ ಹೊತ್ತು ಜಾಸ್ತಿ, ಪೆಟ್ಟು ಮೆಲ್ಲಗೆ. ಸರಿಯಾಗಿ ಕೂರಿಸಿದ ಡಿಶ್ ಆಗಿದ್ದರೆ ಸ್ವಲ್ಪ ಹೊತ್ತು ಮಾತ್ರ ತಡವರಿಸಿ ಉಳಿದುಕೊಳ್ಳಬಹುದು. ಅದಕ್ಕೇ "ಮನೇಲಿ ಬರ್ತಿದೆ, ನಿಮ್ಮ ಕೇಬಲ್‌ನಲ್ಲಿ ಯಾಕಿಲ್ಲ" ಅಂತ ಗ್ರಾಹಕರು ಕೇಳುವುದು.

## ಹಂತ 5: ಬದಲಿ ದಾರಿ ಹುಡುಕಿ

ನಿಲ್ಲಲೇಬಾರದ ಸೇವೆ ಇದ್ದರೆ ಫೈಬರ್ ಲಿಂಕ್ ಅತ್ಯುತ್ತಮ. ಎರಡನೆಯದು ಬೇರೆ ಉಪಗ್ರಹದಲ್ಲಿ ಬರುವ ಅದೇ ಚಾನೆಲ್. 83 ಮತ್ತು 93.5ರ ನಡುವೆ ಬೆಂಗಳೂರಿನಲ್ಲಿ 50 ನಿಮಿಷ ಅಂತರ ಇರುತ್ತದೆ, ಎರಡೂ ಒಟ್ಟಿಗೆ ಹೋಗುವ ಮಾತೇ ಇಲ್ಲ.

ಮೂರನೆಯದು ಬೇರೆ ಊರಿನ ಡಿಶ್. ಇಲ್ಲಿ ಎಚ್ಚರ ಬೇಕು. ಬೆಂಗಳೂರಿಗೆ ಚೆನ್ನೈ ಬದಲಿ ಅಂದುಕೊಂಡವರು ಬಹಳ ಜನ. ಎರಡರ ಅಕ್ಷಾಂಶವೂ 13 ಡಿಗ್ರಿ, ಹಾಗಾಗಿ ದಿನ ಒಂದೇ. ಸಮಯದಲ್ಲಿ ಬರುವ ವ್ಯತ್ಯಾಸ ಎರಡು ನಿಮಿಷವೂ ಇಲ್ಲ. ಎರಡೂ ಒಟ್ಟಿಗೆ ಮುಳುಗುತ್ತವೆ. ನಿಮಗೆ ಬೇಕಿರುವುದು ಉತ್ತರ ದಕ್ಷಿಣದ ದೂರ, ಪೂರ್ವ ಪಶ್ಚಿಮದ್ದಲ್ಲ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ (ಉಪಗ್ರಹ ನಿಯಂತ್ರಣ ಕೇಂದ್ರ) ಹಾಸನದಲ್ಲಿದೆ, ಭೋಪಾಲದಲ್ಲೂ ಇದೆ. ಹಾಸನದಲ್ಲಿ ಜೋರಿನ ದಿನ ಮಾರ್ಚ್ 14ರ ಸುಮಾರಿಗೆ ಬಂದರೆ, 23 ಡಿಗ್ರಿಯ ಭೋಪಾಲದಲ್ಲಿ ಮಾರ್ಚ್ 10ರ ಸುಮಾರಿಗೇ ಬಂದು ಹೋಗುತ್ತದೆ. ಹನ್ನೊಂದು ಮೀಟರ್‌ನಂಥ ದೊಡ್ಡ ಆಂಟೆನಾಗೆ ಔಟೇಜ್ ಎರಡು ಮೂರು ದಿನ ಮಾತ್ರ ಇರುವುದರಿಂದ, ಅಂಥ ಎರಡು ಊರುಗಳು ಒಂದೇ ದಿನ ಕುರುಡಾಗುವುದಿಲ್ಲ.

ಉಪಗ್ರಹವನ್ನೇ ನಿಯಂತ್ರಿಸುವ ಕೇಂದ್ರದಲ್ಲಿ ನೀವಿದ್ದರೆ ಇನ್ನೊಂದು ಮಾತು. ಔಟೇಜ್ ಹೊತ್ತಿನಲ್ಲಿ ಕಮಾಂಡ್ ಹೋಗುತ್ತದೆ, ಆದರೆ ಹೋಗಿ ಏನಾಯ್ತು ಅಂತ ಹೇಳುವ ಟೆಲಿಮೆಟ್ರಿ ನಿಮಗೆ ಕಾಣುವುದಿಲ್ಲ. ಕಣ್ಣು ಕಟ್ಟಿಕೊಂಡು ಥ್ರಸ್ಟರ್ ಉರಿಸಬಾರದು. ಕಕ್ಷೆ ತಿದ್ದುವುದು, ರೇಂಜಿಂಗ್ (ಉಪಗ್ರಹದ ದೂರ ಅಳೆಯುವುದು), ಪೇಲೋಡ್ (ಉಪಗ್ರಹದಲ್ಲಿ ಸಿಗ್ನಲ್ ಸಾಗಿಸುವ ಉಪಕರಣ) ಸೆಟಿಂಗ್ ಬದಲಿಸುವುದು ಇವೆಲ್ಲ ಆ ಹೊತ್ತಿನ ಎರಡೂ ಬದಿಗೆ ಅರ್ಧ ಗಂಟೆ ಬಿಟ್ಟು ಇಟ್ಟುಕೊಳ್ಳಿ.

## ಹಂತ 6: ಹಿಂದಿನ ವಾರ ಡಿಶ್ ನೋಡಿ, ಜನಕ್ಕೆ ತಿಳಿಸಿ

ಬೋಲ್ಟ್ ಬಿಗಿ ಮಾಡುವುದು, ಕನೆಕ್ಟರ್ ಬದಲಿಸುವುದು, ಪೀಕ್ ಮಾಡುವುದು (ಸಿಗ್ನಲ್ ಅತಿ ಹೆಚ್ಚು ಸಿಗುವ ಕಡೆಗೆ ಡಿಶ್ ಕೂರಿಸುವುದು) ಎಲ್ಲಾ ಈಗಲೇ ಮಾಡಿ ಮುಗಿಸಿ. ಮುಗಿದ ಮೇಲೆ ಅಜಿಮತ್ (ಅಡ್ಡ ದಿಕ್ಕಿನ ಕೋನ), ಎಲಿವೇಶನ್ (ಎತ್ತರದ ಕೋನ) ಎರಡೂ ಕಡೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಯಾರಾದರೂ ತಿರುಗಿಸಿಬಿಟ್ಟರೂ ವಾಪಸ್ ತರಲು ಆ ಗೆರೆ ಸಾಕು.

ಡಿಶ್‌ಗೆ ಹೊಳೆಯುವ ಪೇಂಟ್ ಹೊಡೆಸಲೇಬೇಡಿ. ಮಳೆಗಾಲಕ್ಕೆ ತುಕ್ಕು ಹಿಡಿಯದಿರಲಿ ಅಂತ ಒಂದು ಕಡೆ ಬೆಳ್ಳಿ ಬಣ್ಣದ ಎನಾಮಲ್ ಹೊಡೆಸಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ ನೋಡಿದಾಗ ಫೀಡ್‌ನ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಬಾಯಿ) ಪ್ಲಾಸ್ಟಿಕ್ ಮುಚ್ಚಳ ಮೇಣದ ಹಾಗೆ ಕರಗಿ, ಒಂದು ಕಡೆಗೆ ಇಳಿದು ಗಟ್ಟಿಯಾಗಿತ್ತು. ಸೂರ್ಯನ ಶಾಖವೂ ಸಿಗ್ನಲ್ ಹಾಗೆಯೇ ಫೀಡ್ ಮೇಲೆ ಬಂದು ಸೇರುತ್ತದಲ್ವಾ. ಮ್ಯಾಟ್ ಪೇಂಟ್ ಇರುವುದೇ ಆ ಶಾಖವನ್ನು ಚದುರಿಸಲು. ಆ ಹೊತ್ತಿನಲ್ಲಿ ಫೀಡ್ ಹತ್ತಿರ ಕೈ, ಮುಖ ಒಯ್ಯಬೇಡಿ.

ಜನಕ್ಕೆ ತಿಳಿಸುವುದು ಎರಡು ದಿನ ಮುಂಚೆ. "ಮಾರ್ಚ್ 12ರಿಂದ 17ರವರೆಗೆ ಮಧ್ಯಾಹ್ನ 11:55ರಿಂದ 12:15ರ ನಡುವೆ ಕೆಲವು ಚಾನೆಲ್‌ಗಳು ಕೆಲ ನಿಮಿಷ ನಿಲ್ಲಬಹುದು, ತಾವಾಗಿಯೇ ಬರುತ್ತವೆ, ಸೆಟ್‌ಟಾಪ್ ಬಾಕ್ಸ್ ಸೆಟಿಂಗ್ ಬದಲಿಸಬೇಡಿ" ಅಂತ ಸ್ಕ್ರಾಲ್ ಓಡಿಸಿ, ವಾಟ್ಸ್ಆ್ಯಪ್ ಗುಂಪಿಗೂ ಹಾಕಿ. ಆ ಕೊನೆಯ ಮಾತನ್ನು ಬಿಡಬೇಡಿ. "ತಾಂತ್ರಿಕ ಕಾರಣಗಳಿಂದ" ಅಂತ ಮಾತ್ರ ಬರೆದರೆ ಜನ ಮನೆಯಲ್ಲಿ ರಿಮೋಟ್ ಹಿಡಿದು ಎಲ್ಲಾ ಚಾನೆಲ್ ಅಳಿಸಿಕೊಂಡು ಕೂತಿರುತ್ತಾರೆ.

## ಹಂತ 7: ಆಟೋ ಟ್ರ್ಯಾಕ್ ನಿಲ್ಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಡುತ್ತೀರಿ ಅಂದರೆ ಇದನ್ನು ನೆನಪಿಡಿ.

ದೊಡ್ಡ ಡಿಶ್‌ಗಳು ಉಪಗ್ರಹದ ಬೀಕನ್ (ಗುರುತಿನ ಸಿಗ್ನಲ್) ಹಿಡಿದು ತಾವೇ ತಿರುಗುತ್ತವೆ. ಸ್ಟೆಪ್ ಟ್ರ್ಯಾಕ್ ಇರುವ ಡಿಶ್ ಸ್ವಲ್ಪ ಆಚೆ, ಸ್ವಲ್ಪ ಈಚೆ ಸರಿದು, ಎಲ್ಲಿ ಲೆವೆಲ್ ಜಾಸ್ತಿ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಔಟೇಜ್ ಬಂದಾಗ ಅದಕ್ಕೆ ಲೆವೆಲ್ ಜಾಸ್ತಿ ಸಿಗುವುದು ಸೂರ್ಯನಲ್ಲಿ. ಸೂರ್ಯ ಪಶ್ಚಿಮಕ್ಕೆ ಹೋದ ಹಾಗೆ ಡಿಶ್ ಕೂಡ ಅವನ ಹಿಂದೆ ಹೋಗುತ್ತದೆ. ಹತ್ತು ನಿಮಿಷ ಆದ ಮೇಲೆ ಸೂರ್ಯ ಬೀಮ್‌ನಿಂದ ಹೊರಗೆ, ಉಪಗ್ರಹವೂ ಹೊರಗೆ. ಬರೀ ಖಾಲಿ ಆಕಾಶ. ನಾನು ಹಿಂದೆ ಇದ್ದ ಒಂದು ಸ್ಟೇಷನ್‌ನಲ್ಲಿ ಹೀಗೇ ಆಗಿ, ಪಟ್ಟಿಯಲ್ಲಿ ಐದು ನಿಮಿಷ ಅಂತ ಇದ್ದ ಔಟೇಜ್ ಎರಡೂ ಮುಕ್ಕಾಲು ಗಂಟೆ ಆಯಿತು. ಮಧ್ಯಾಹ್ನದ ಬಿಸಿಲಲ್ಲಿ ಡಿಶ್ ಬುಡದಲ್ಲಿ ನಿಂತು ಕೈಯಿಂದ ಹುಡುಕಿದ್ದು ಇನ್ನೂ ನೆನಪಿದೆ.

ಮಾಡಬೇಕಾದ್ದು ಇಷ್ಟು, ಇದೇ ಕ್ರಮದಲ್ಲಿ:

1. ಔಟೇಜ್ ಶುರುವಿಗೆ 20 ನಿಮಿಷ ಮುಂಚೆ ಈಗಿನ ಅಜಿಮತ್, ಎಲಿವೇಶನ್ ಬರೆದುಕೊಳ್ಳಿ.
2. ಆಂಟೆನಾ ಕಂಟ್ರೋಲರ್ ಅನ್ನು ಪ್ರೋಗ್ರಾಮ್ ಟ್ರ್ಯಾಕ್‌ಗೆ (ಸಿಗ್ನಲ್ ನೋಡದೆ, ಮೊದಲೇ ಲೆಕ್ಕ ಹಾಕಿದ ದಿಕ್ಕಿಗೆ ತಿರುಗುವುದು) ಹಾಕಿ. ಅದು ಇಲ್ಲದಿದ್ದರೆ ಮ್ಯಾನುವಲ್‌ಗೆ ಹಾಕಿ ಅಲ್ಲೇ ನಿಲ್ಲಿಸಿ.
3. ಡಿಶ್ ನಿಜವಾಗಿ ನಿಂತಿದೆಯಾ ಅಂತ ಎರಡು ನಿಮಿಷ ಅಂಕಿ ನೋಡಿ. ಬಟನ್ ಒತ್ತಿದ್ದೇ ಸಾಕು ಅಂತ ಎದ್ದು ಹೋಗಬೇಡಿ.

ವಿಸ್ಯಾಟ್ (ಎಟಿಎಂನಂಥ ಕಡೆ ಇರುವ ಸಣ್ಣ ಡಿಶ್ ಟರ್ಮಿನಲ್‌ಗಳ ಜಾಲ) ಹಬ್ ನಡೆಸುವವರಿಗೆ ಇದರ ಜೊತೆ ಇನ್ನೊಂದಿದೆ. ಹಬ್‌ನ ಡಿಶ್‌ಗೆ ನಾಯ್ಸ್ ಬಂದಾಗ, ದೂರದ ಎಲ್ಲಾ ಟರ್ಮಿನಲ್‌ಗಳ ಸಿಗ್ನಲ್ ಒಟ್ಟಿಗೆ ಬಡವಾದ ಹಾಗೆ ಕಾಣುತ್ತದೆ. ಆಟೋಮ್ಯಾಟಿಕ್ ಪವರ್ ಕಂಟ್ರೋಲ್ ಆನ್ ಇದ್ದರೆ, ಹಬ್ ಎಲ್ಲರಿಗೂ ಪವರ್ ಏರಿಸಿ ಅಂತ ಹೇಳುತ್ತಾ ಹೋಗುತ್ತದೆ. ಎಲ್ಲರೂ ಗರಿಷ್ಠಕ್ಕೆ ಹೋದರೆ ಪಕ್ಕದ ಕ್ಯಾರಿಯರ್‌ಗಳಿಗೆ ತೊಂದರೆ ಶುರು. ಅದನ್ನು ಆ ಹೊತ್ತಿಗೆ ಫ್ರೀಜ್ ಮಾಡಿ. ಜೊತೆಗೆ ಒಂದೊಂದು ಟರ್ಮಿನಲ್‌ಗೂ ಅದರದೇ ಊರಿನ ಸಮಯದಲ್ಲಿ ಬೇರೆ ಔಟೇಜ್ ಇರುತ್ತದೆ ಅನ್ನುವುದು ಮರೆಯಬೇಡಿ. ಹಬ್‌ನದು ಹೋದರೆ ಎಲ್ಲರದೂ ಹೋಯಿತು, ಟರ್ಮಿನಲ್‌ನದು ಹೋದರೆ ಆ ಒಂದೇ ಎಟಿಎಂ.

## ಹಂತ 8: ಆ ಹತ್ತು ನಿಮಿಷ

ಸ್ಪ್ಯಾನರ್ ಒಳಗಿಡಿ. ಎಲ್‌ಎನ್‌ಬಿ ತಿರುಗಿಸಬೇಡಿ, ರಿಸೀವರ್ ರೀಬೂಟ್ ಮಾಡಬೇಡಿ, ಫ್ರೀಕ್ವೆನ್ಸಿ ಮತ್ತೆ ಸ್ಕ್ಯಾನ್ ಮಾಡಬೇಡಿ. ನಿಮಿಷಕ್ಕೊಮ್ಮೆ ಕ್ವಾಲಿಟಿ ಎಷ್ಟಿದೆ ಅಂತ ಬರೆಯಿರಿ. ಯಾವ ನಿಮಿಷದಲ್ಲಿ ಅತಿ ಕೆಳಗೆ ಹೋಯಿತು ಅನ್ನುವುದು ಎಲ್ಲಕ್ಕಿಂತ ಮುಖ್ಯ.

ಮಧ್ಯದಲ್ಲೇ ಫೀಡ್ ಇರುವ ಸಿ ಬ್ಯಾಂಡ್ ಡಿಶ್ ಆದರೆ ಹೊರಗೆ ಹೋಗಿ ನೆರಳು ನೋಡಿ. ಸೂರ್ಯನನ್ನು ನೋಡಬೇಡಿ, ಡಿಶ್ ಮೇಲೆ ಬಿದ್ದ ಫೀಡ್‌ನ ದುಂಡು ನೆರಳನ್ನು ನೋಡಿ. 3.6 ಮೀಟರ್ ಡಿಶ್‌ನಲ್ಲಿ ಅದು ನಿಮಿಷಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತಾ ಇರುತ್ತದೆ. ಜೋರಿನ ದಿನ ಕ್ವಾಲಿಟಿ ತಳ ಮುಟ್ಟುವ ಹೊತ್ತಿಗೆ ಆ ನೆರಳು ಡಿಶ್‌ನ ನಡುವಿನ ಪ್ಲೇಟ್ ಮೇಲೆ ಸರಿಯಾಗಿ ಕೂರಬೇಕು. ಆಫ್‌ಸೆಟ್ ಡಿಶ್‌ಗೆ (ಫೀಡ್ ಮಧ್ಯದಲ್ಲಿರದೆ ಕೆಳಗೆ ಒಂದು ಬದಿಗಿರುವ ಡಿಶ್) ಈ ನೆರಳಿನ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬೆಳಕಿನ ಮಚ್ಚೆ ಎಲ್‌ಎನ್‌ಬಿ ಬಾಯಿಯ ಮೇಲೆ ಬೀಳುತ್ತದೆ.

## ಹಂತ 9: ಹೋದ ಮೇಲೆ

ಬೀಕನ್ ಲೆವೆಲ್ ಮತ್ತು ನಾಯ್ಸ್ ಫ್ಲೋರ್ ಎರಡೂ ಮೊದಲಿನ ಅಂಕಿಗೆ ಬಂದು ಹತ್ತು ನಿಮಿಷ ಆದ ಮೇಲೆ ಮಾತ್ರ ಆಟೋ ಟ್ರ್ಯಾಕ್ ವಾಪಸ್ ಹಾಕಿ. ಪವರ್ ಕಂಟ್ರೋಲ್ ಅದಾದ ಮೇಲೆ. ಆಮೇಲೆ ಒಂದೊಂದೇ ಚಾನೆಲ್ ನೋಡಿ. ಕೆಲವು ರಿಸೀವರ್‌ಗಳು ಲಾಕ್ ಆಗಿದ್ದೇನೆ ಅಂತ ಹಸಿರು ದೀಪ ತೋರಿಸುತ್ತವೆ, ಆದರೆ ಚಿತ್ರ ನಿಂತುಹೋಗಿರುತ್ತದೆ ಅಥವಾ ಧ್ವನಿ ಇರುವುದಿಲ್ಲ. ಅಂಥವನ್ನು ಮಾತ್ರ ರೀಬೂಟ್ ಮಾಡಿ.

ಈಗ ನೋಟ್‌ಬುಕ್ ತೆಗೆಯಿರಿ. ನೀವು ಬರೆದ ತಳದ ಸಮಯವನ್ನು ಲೆಕ್ಕದ ಸಮಯದ ಜೊತೆ ಹೋಲಿಸಿ. ಒಂದು ನಿಮಿಷ ವ್ಯತ್ಯಾಸ ಅಂದರೆ ಕಾಲು ಡಿಗ್ರಿ. ಔಟೇಜ್ ಎರಡು ನಿಮಿಷ ಮುಂಚೆಯೇ ತಳ ಮುಟ್ಟಿದರೆ ಡಿಶ್ ಅರ್ಧ ಡಿಗ್ರಿ ಪೂರ್ವಕ್ಕೆ ವಾಲಿದೆ, ತಡವಾಗಿ ಮುಟ್ಟಿದರೆ ಪಶ್ಚಿಮಕ್ಕೆ. ಸಮಯ ಸರಿಯಾಗಿದ್ದು ಜೋರಿನ ದಿನವೇ ಬದಲಾಗಿದ್ದರೆ ಎಲಿವೇಶನ್ ತಪ್ಪಿದೆ. ಯಾವ ಮೀಟರ್ ಕೂಡ ಇಷ್ಟು ಸುಲಭವಾಗಿ ಇದನ್ನು ಹೇಳಲ್ಲ. ತಿದ್ದುವುದನ್ನು ಸೀಸನ್ ಮುಗಿದ ಮೇಲೆ, ಬೆಳಿಗ್ಗೆ ಹೊತ್ತು ಮಾಡಿ.

ಇವು ಕಂಡರೆ ಸೂರ್ಯನ ಲೆಕ್ಕ ಬಿಟ್ಟು ಬೇರೆ ಕಾರಣ ಹುಡುಕಿ. ಲೆಕ್ಕದ ಹೊತ್ತು ಮುಗಿದು ಹತ್ತು ನಿಮಿಷವಾದರೂ ಸಿಗ್ನಲ್ ಬರದಿದ್ದರೆ. ಜೋರಿನ ದಿನ ಕಳೆದು ವಾರ ಆದರೂ ತೊಂದರೆ ಕಮ್ಮಿ ಆಗದಿದ್ದರೆ. ದಿನಾ ಒಂದೇ ನಿಮಿಷ, ಒಂದೇ ಸೆಕೆಂಡಿಗೆ ಹೋಗಿ ಬರುತ್ತಿದ್ದರೆ. ಈ ಕೊನೆಯದು ಮುಖ್ಯ. ಈ ಎರಡೂ ಸೀಸನ್‌ಗಳಲ್ಲಿ ಸೂರ್ಯ ದಿನಕ್ಕೆ ಸುಮಾರು 20 ಸೆಕೆಂಡಿನಷ್ಟು ಮುಂಚೆ ಬರುತ್ತಾ ಹೋಗುತ್ತಾನೆ, ಐದು ದಿನಕ್ಕೆ ಒಂದೂವರೆ ನಿಮಿಷ. ಗಡಿಯಾರಕ್ಕೆ ಅಂಟಿಕೊಂಡು ಬರುವ ತೊಂದರೆ ಹತ್ತಿರದ ಯಾವುದೋ ಯಂತ್ರದಿಂದ ಬರುತ್ತಿರುತ್ತದೆ.

ಹಾಳೆಯ ಮೇಲೆ ವರ್ಷ, ಉಪಗ್ರಹದ ಡಿಗ್ರಿ, ಡಿಶ್‌ನ ಅಗಲ ಬರೆದು, ಆಯಾ ಡಿಶ್‌ನ ರಿಸೀವರ್ ರ‍್ಯಾಕ್‌ನ ಬಾಗಿಲ ಒಳಗೆ ಅಂಟಿಸಿ. ಅದರ ಪಕ್ಕದಲ್ಲೇ ಸೆಪ್ಟೆಂಬರ್‌ನ ಹೊಸ ಸಮಯವನ್ನು ಇವತ್ತೇ ಲೆಕ್ಕ ಹಾಕಿ, ಕೆಂಪು ಪೆನ್ನಲ್ಲಿ ಬರೆದಿಡಿ.